ಪಾರಾದವಳು ಮತ್ತೆ ಯಾಕೆ ವಾಪಸ್ ಹೋದಳು?

ಸೂಪರ್ ಹೀರೋ ಸಿನಿಮಾಗಳನ್ನು ನೋಡಿ ನೋಡಿ ಬೇಜಾರಾಗಿದ್ದರೆ, ಈ ವಾರಾಂತ್ಯ ಎರಡು ಗಂಟೆ ಬಿಡುವು ಮಾಡಿಕೊಂಡು ‘ಹ್ಯಾರಿಯೆಟ್’ ನೋಡಿ. 2019ರಲ್ಲಿ ಬಂದ ಈ ಇಂಗ್ಲಿಷ್ ಸಿನಿಮಾದ ನಾಯಕಿ ಐದಡಿ ಆಸುಪಾಸಿನ ಹೆಂಗಸು. ಓದು ಬರಹ ಗೊತ್ತಿಲ್ಲ. ಚಿಕ್ಕ ವಯಸ್ಸಿನಲ್ಲಿ ತಲೆಗೆ ಬಿದ್ದ ಏಟಿನಿಂದಾಗಿ ಎಲ್ಲೆಂದರಲ್ಲಿ ಇದ್ದಕ್ಕಿದ್ದಂತೆ ನಿದ್ದೆಗೆ ಜಾರಿಬಿಡುವ ಕಾಯಿಲೆ ಬೇರೆ. ಹಿಂದೆ ಬೀಳಲು ಬಂದೂಕು ಹಿಡಿದವರಿದ್ದರು, ಬೇಟೆನಾಯಿಗಳಿದ್ದವು. ಇಷ್ಟೆಲ್ಲ ಇಟ್ಟುಕೊಂಡು ಆಕೆ ಸುಮಾರು 70 ಜನರನ್ನು ಗುಲಾಮಗಿರಿಯಿಂದ ಬಿಡಿಸಿ ತಂದಳು. ಇದು ಕಟ್ಟುಕಥೆ ಅಲ್ಲ. ಹ್ಯಾರಿಯೆಟ್ ಟಬ್‌ಮನ್ ಅನ್ನೋ ಹೆಣ್ಣುಮಗಳು ಅಮೆರಿಕದಲ್ಲಿ ನಿಜಕ್ಕೂ ಬದುಕಿದ್ದಳು.

ಈ ಚಿತ್ರದ ನಿರ್ದೇಶಕಿ ಕೇಸಿ ಲೆಮನ್ಸ್. ಹ್ಯಾರಿಯೆಟ್ ಪಾತ್ರದಲ್ಲಿ ಸಿಂಥಿಯಾ ಎರಿವೊ. ಅಭಿನಯಕ್ಕಾಗಿ ಆಸ್ಕರ್‌ಗೆ ನಾಮಕರಣಗೊಂಡರು. ಸಹ ಲೇಖಕಿಯಾಗಿ ಬರೆದು ತಾವೇ ಹಾಡಿದ ‘ಸ್ಟ್ಯಾಂಡ್ ಅಪ್’ ಹಾಡಿಗೂ ನಾಮಕರಣ ಸಿಕ್ಕಿತು. ಚಿತ್ರಕಥೆ ಶುರುವಾಗಿದ್ದು 1990ರ ದಶಕದಲ್ಲಿ. ಆಗ ಒಬ್ಬ ಸ್ಟುಡಿಯೋ ಮುಖ್ಯಸ್ಥರು ಈ ಪಾತ್ರಕ್ಕೆ ಜೂಲಿಯಾ ರಾಬರ್ಟ್ಸ್ ಆಗಬಹುದಲ್ಲ ಅಂದಿದ್ದರಂತೆ! ಹ್ಯಾರಿಯೆಟ್ ಕಪ್ಪು ಹೆಂಗಸು ಅಂದರೆ, ಅದೆಲ್ಲ ಎಷ್ಟೋ ವರ್ಷ ಹಿಂದಿನ ಮಾತು, ಯಾರಿಗೆ ಗೊತ್ತಾಗುತ್ತೆ ಅನ್ನೋ ಉತ್ತರ ಬಂತಂತೆ. ಚಿತ್ರಕಥೆಗಾರ ಗ್ರೆಗರಿ ಅಲೆನ್ ಹೊವಾರ್ಡ್ ಅವರೇ ಹೇಳಿಕೊಂಡ ಪ್ರಸಂಗ ಇದು. ಸಿನಿಮಾ ತೆರೆಗೆ ಬರಲು 25 ವರ್ಷ ಬೇಕಾಯಿತು ಅಂದ್ರೆ ಆಶ್ಚರ್ಯ ಇಲ್ಲ ಬಿಡಿ.

ಹರಿದುಹೋದ ಒಂದು ಕಾಗದ

ಗುಲಾಮಗಿರಿ ಅಂದ ತಕ್ಷಣ ನಮಗೆ ನೆನಪಾಗೋದು ಜೀತ. ಜೀತದಲ್ಲಿ ಲೆಕ್ಕಕ್ಕಾದರೂ ಒಂದು ಸಾಲ ಇರುತ್ತಿತ್ತು, ತೀರಿದರೆ ಬಿಡುಗಡೆ ಅನ್ನೋ ಮಾತಾದರೂ ಇರುತ್ತಿತ್ತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮನುಷ್ಯರೇ ಆಸ್ತಿ. ಹಸು, ಕುದುರೆ, ಗಾಡಿಗಳ ಪಟ್ಟಿಯಲ್ಲೇ ಅವರ ಹೆಸರೂ ಇರುತ್ತಿತ್ತು. ಮಾರಬಹುದು, ಬಾಡಿಗೆಗೆ ಕೊಡಬಹುದು, ಮಕ್ಕಳಿಗೆ ಪಾಲು ಮಾಡಿ ಹಂಚಬಹುದು. ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮ. ತಂದೆ ಸ್ವತಂತ್ರನಾಗಿದ್ದರೂ ಅಷ್ಟೇ.

ಸಿನಿಮಾ ಆರಂಭವಾಗೋದೇ ಈ ಗಂಟಿನಿಂದ. ಮೇರಿಲ್ಯಾಂಡ್ ರಾಜ್ಯದ ಡಾರ್ಚೆಸ್ಟರ್ ಕೌಂಟಿಯಲ್ಲಿ ಮಿಂಟಿ ಅನ್ನೋ ಹುಡುಗಿ. ಪೂರ್ತಿ ಹೆಸರು ಅರಮಿಂಟಾ ರಾಸ್, ಹುಟ್ಟಿದ್ದು 1822ರ ಸುಮಾರಿಗೆ. ಗಂಡ ಜಾನ್ ಟಬ್‌ಮನ್ ಸ್ವತಂತ್ರ ಮನುಷ್ಯ. ಆದರೆ ಇವರಿಗೆ ಮಗು ಹುಟ್ಟಿದರೆ ಅದು ಒಡೆಯನ ಸ್ವತ್ತು. ಮಿಂಟಿಯ ತಾಯಿ ರಿಟ್‌ಗೆ 45 ವರ್ಷ ತುಂಬಿದಾಗ ಬಿಡುಗಡೆ ಕೊಡಬೇಕು ಅಂತ ಒಡೆಯನ ಮುತ್ತಜ್ಜ ಉಯಿಲು ಬರೆದಿಟ್ಟಿದ್ದ. 45 ದಾಟಿ ಎಷ್ಟೋ ವರ್ಷ ಕಳೆದರೂ ಯಾರೂ ಬಿಡಲಿಲ್ಲ. ಗಂಡ ಹೆಂಡತಿ ವಕೀಲರ ಕಾಗದ ಹಿಡಿದು ಒಡೆಯನ ಮುಂದೆ ನಿಲ್ಲುತ್ತಾರೆ. ಅವನು ಅದನ್ನು ಹರಿದು ಹಾಕುತ್ತಾನೆ.

ನಿಜ ಜೀವನದಲ್ಲೂ ಹ್ಯಾರಿಯೆಟ್ ಐದು ಡಾಲರ್ ಕೊಟ್ಟು ವಕೀಲರಿಂದ ಆ ಹಳೇ ಉಯಿಲನ್ನು ಹುಡುಕಿಸಿದ್ದಳು. ಕೂಲಿಯೂ ತನ್ನದಲ್ಲದ ಕಾಲದಲ್ಲಿ ಐದು ಡಾಲರ್ ಕೂಡಿಡೋದು ಎಷ್ಟು ಕಷ್ಟ ಅಂತ ಯೋಚಿಸಿ. ಓಡಿಹೋಗುವ ಮೊದಲು ಆಕೆ ಕಾನೂನಿನ ಬಾಗಿಲನ್ನೂ ತಟ್ಟಿ ನೋಡಿದ್ದಳು.

ಬೆಂಗಳೂರು–ಮೈಸೂರಿನಷ್ಟು ದೂರ

1849ರಲ್ಲಿ ಒಡೆಯ ಎಡ್ವರ್ಡ್ ಬ್ರೋಡೆಸ್ ಸತ್ತ. ಒಡೆಯ ಸತ್ತರೆ ಸಾಲ ತೀರಿಸಲು ಗುಲಾಮರನ್ನು ಮಾರುವುದು ಮಾಮೂಲು. ಹ್ಯಾರಿಯೆಟ್‌ಳ ಮೂವರು ಅಕ್ಕಂದಿರನ್ನು ಮೊದಲೇ ದೂರದ ದಕ್ಷಿಣಕ್ಕೆ ಮಾರಿಯಾಗಿತ್ತು. ಮತ್ತೆ ಅವರ ಮುಖ ಕಂಡಿರಲಿಲ್ಲ. ಈಗ ತನ್ನ ಸರದಿ ಅಂತ ಗೊತ್ತಾಯಿತು. ಮೊದಲು ಇಬ್ಬರು ತಮ್ಮಂದಿರ ಜೊತೆ ಹೊರಟಳು. ತಮ್ಮಂದಿರು ಹೆದರಿ ವಾಪಸ್ ಬಂದರು, ಆಕೆಯನ್ನೂ ಕರೆತಂದರು. ಆಮೇಲೆ ಒಬ್ಬಳೇ ಹೊರಟಳು.

ಪೆನ್ಸಿಲ್ವೇನಿಯಾ ಗಡಿಗೆ ಸುಮಾರು 90 ಮೈಲಿ. ನಮ್ಮ ಲೆಕ್ಕದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟು ದೂರ. ಅದನ್ನು ರಾತ್ರಿ ಹೊತ್ತು, ಜೌಗು ನೆಲದಲ್ಲಿ, ಧ್ರುವ ನಕ್ಷತ್ರ ನೋಡಿಕೊಂಡು ನಡೆದಳು. ದಾರಿಯಲ್ಲಿ ಗುಟ್ಟಾಗಿ ಆಸರೆ ಕೊಡುವ ಮನೆಗಳಿದ್ದವು. ಸ್ವತಂತ್ರ ಕಪ್ಪು ಜನ, ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಬಿಳಿಯರು ಸೇರಿ ಕಟ್ಟಿದ್ದ ಈ ಜಾಲಕ್ಕೆ ‘ಅಂಡರ್‌ಗ್ರೌಂಡ್ ರೈಲ್‌ರೋಡ್’ ಅಂತ ಹೆಸರು. ಅಲ್ಲಿ ಹಳಿಯೂ ಇಲ್ಲ, ರೈಲೂ ಇಲ್ಲ. ನಂಬಿಕೆಯ ಜನ ಇದ್ದರು, ಅಷ್ಟೇ.

ಸೂರ್ಯ ಹುಟ್ಟುವ ಹೊತ್ತಿಗೆ ಆಕೆ ಗಡಿ ದಾಟುವ ದೃಶ್ಯ ಸಿನಿಮಾದಲ್ಲಿ ತುಂಬಾ ಚೆನ್ನಾಗಿದೆ. ಹೊಂಬಿಸಿಲಲ್ಲಿ ತನ್ನ ಕೈಗಳನ್ನು ತಾನೇ ನೋಡಿಕೊಳ್ಳುತ್ತಾಳೆ. ಬೇರೆ ಸಿನಿಮಾ ಆಗಿದ್ದರೆ ಅಲ್ಲಿಗೆ ‘ಶುಭಂ’ ಹಾಕಬಹುದಿತ್ತು. ಫಿಲಡೆಲ್ಫಿಯಾದಲ್ಲಿ ಕೆಲಸ ಸಿಕ್ಕಿತು, ಕೈಗೆ ಕೂಲಿ ಬಂತು. ಅಮ್ಮನ ನಿಜವಾದ ಹೆಸರು, ಗಂಡನ ಮನೆತನದ ಹೆಸರು ಸೇರಿಸಿಕೊಂಡು ಹ್ಯಾರಿಯೆಟ್ ಟಬ್‌ಮನ್ ಆದಳು. ಬದುಕು ದಡ ಸೇರಿತು ಅಂತ ಯಾರಾದರೂ ಅಂದುಕೊಳ್ಳಬಹುದು.

ಆದರೆ ಬಂದ ಸಂತೋಷಕ್ಕೆ ‘ಬಾರಮ್ಮ’ ಅಂತ ಬಾಗಿಲಲ್ಲಿ ಕರೆಯುವವರು ಯಾರೂ ಇರಲಿಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರು ಎಲ್ಲ ಆ ಕಡೆಯೇ ಉಳಿದಿದ್ದರು. ಊರು ಬಿಟ್ಟು ಬಂದು ಸಂಬಳ ಎಣಿಸುವವರಿಗೆ ಈ ಸಂಕಟದ ಒಂದು ಸಣ್ಣ ಅಂಶವಾದರೂ ಗೊತ್ತಿರುತ್ತೆ. ನಾವು ಊರಿಗೆ ದುಡ್ಡು ಕಳಿಸುತ್ತೇವೆ, ಹಬ್ಬಕ್ಕೆ ಹೋಗಿ ಬರುತ್ತೇವೆ. ಆಕೆ ಊರಿಗೆ ಹೋಗಿ ಸಿಕ್ಕಿಬಿದ್ದರೆ ಮತ್ತೆ ಗುಲಾಮಗಿರಿ, ಇಲ್ಲವೇ ಸಾವು. ಆದರೂ ಹೋದಳು. ಸುಮಾರು 13 ಸಲ ಹೋದಳು.

ಶನಿವಾರ ರಾತ್ರಿಯ ಲೆಕ್ಕ

ಸಿನಿಮಾದ ಬಗ್ಗೆ ನನ್ನದೊಂದು ತಕರಾರು ಇರೋದು ಇಲ್ಲೇ. ಹ್ಯಾರಿಯೆಟ್‌ಗೆ ಆಗಾಗ ಕನಸಿನಂಥ ದರ್ಶನಗಳಾಗುತ್ತಿದ್ದವು, ಅದು ದೇವರ ಮಾತು ಅಂತ ಆಕೆ ನಂಬಿದ್ದಳು. ಇದು ನಿಜ. ಆದರೆ ಸಿನಿಮಾದಲ್ಲಿ ಆಪತ್ತು ಬಂದಾಗಲೆಲ್ಲ ಒಂದು ದರ್ಶನ ಬಂದು ದಾರಿ ತೋರಿಸಿಬಿಡುತ್ತದೆ. ಹಾಗಾಗಿ ಆಕೆಯ ತಲೆ ಎಷ್ಟು ಚುರುಕಾಗಿ ಕೆಲಸ ಮಾಡುತ್ತಿತ್ತು ಅನ್ನೋದು ಹಿಂದೆ ಸರಿದುಬಿಡುತ್ತದೆ.

ನಮ್ಮ ಐಟಿ ಕಂಪನಿಗಳಲ್ಲಿ ಒಂದು ಅಲಿಖಿತ ನಿಯಮ ಇದೆ: ಶುಕ್ರವಾರ ಸಂಜೆ ಹೊಸ ಕೋಡ್ ಲೈವ್ ಮಾಡಬೇಡಿ. ಏನಾದರೂ ಕೆಟ್ಟರೆ ವಾರಾಂತ್ಯದಲ್ಲಿ ನೋಡೋಕೆ ಯಾರೂ ಇರಲ್ಲ. ಹ್ಯಾರಿಯೆಟ್ ಇದೇ ಲೆಕ್ಕವನ್ನು ತಿರುಗಿಸಿ ಹಾಕಿದ್ದಳು. ಆಕೆಯ ತಂಡಗಳು ಹೊರಡುತ್ತಿದ್ದದ್ದು ಶನಿವಾರ ರಾತ್ರಿ. ಭಾನುವಾರ ಕೆಲಸಕ್ಕೆ ರಜೆ, ಯಾರು ಕಾಣೆಯಾದರೂ ಬೇಗ ಗೊತ್ತಾಗಲ್ಲ. ಪತ್ರಿಕೆಯಲ್ಲಿ ‘ಓಡಿಹೋಗಿದ್ದಾರೆ’ ಅನ್ನೋ ಜಾಹೀರಾತು ಹಾಕಿಸಬೇಕೆಂದರೂ ಸೋಮವಾರದ ತನಕ ಕಾಯಬೇಕು. ಅಷ್ಟರಲ್ಲಿ ಒಂದೂವರೆ ದಿನದ ದಾರಿ ಸವೆದಿರುತ್ತಿತ್ತು. ರಾತ್ರಿಗಳು ಉದ್ದವಿರುವ ತಿಂಗಳುಗಳನ್ನೇ ಆರಿಸಿಕೊಳ್ಳುತ್ತಿದ್ದಳು. ಮಗು ಅತ್ತು ಸುಳಿವು ಕೊಡಬಾರದು ಅಂತ ನಿದ್ದೆಯ ಔಷಧಿ ಜೊತೆಗಿರುತ್ತಿತ್ತು. ಬನ್ನಿ ಅನ್ನೋದಕ್ಕೊಂದು ಹಾಡು, ಅಡಗಿಕೊಂಡೇ ಇರಿ ಅನ್ನೋದಕ್ಕೊಂದು ಹಾಡು.

1850ರ ಡಿಸೆಂಬರಿನ ಮೊದಲ ಕೆಲಸವನ್ನೇ ನೋಡಿ. ಹ್ಯಾರಿಯೆಟ್‌ಳ ಅಕ್ಕನ ಮಗಳು ಕೆಸೈಯಾ ಮತ್ತು ಆಕೆಯ ಇಬ್ಬರು ಮಕ್ಕಳನ್ನು ಮೇರಿಲ್ಯಾಂಡಿನ ಕೇಂಬ್ರಿಜ್ ಊರಿನ ಕೋರ್ಟ್ ಮುಂದೆ ಹರಾಜಿಗೆ ನಿಲ್ಲಿಸಿದ್ದರು. ಹರಾಜಿನಲ್ಲಿ ಕೂಗಿ ಗೆದ್ದಿದ್ದು ಬೇರೆ ಯಾರೂ ಅಲ್ಲ, ಕೆಸೈಯಾಳ ಗಂಡ ಜಾನ್ ಬೌಲಿ. ಆತ ಸ್ವತಂತ್ರ ಮನುಷ್ಯ, ಆದರೆ ಕೂಗಿದಷ್ಟು ದುಡ್ಡು ಅವನ ಹತ್ತಿರ ಇರಲಿಲ್ಲ. ಹರಾಜುದಾರ ಊಟಕ್ಕೆ ಹೋಗಿ ಬಂದು ಹಣ ಕೇಳುವಷ್ಟರಲ್ಲಿ ಗಂಡನೂ ಇಲ್ಲ, ಹೆಂಡತಿ ಮಕ್ಕಳೂ ಇಲ್ಲ! ರಾತ್ರಿ ಸಣ್ಣ ದೋಣಿಯಲ್ಲಿ ಬಾಲ್ಟಿಮೋರ್ ಕಡೆಗೆ ಸಾಗಿದರು. ಅಲ್ಲಿ ಹ್ಯಾರಿಯೆಟ್ ಕಾಯುತ್ತಿದ್ದಳು.

ಈ ಕೆಲಸಕ್ಕೆಲ್ಲ ಖರ್ಚು ಎಲ್ಲಿಂದ ಬರುತ್ತಿತ್ತು? ಮುಖ್ಯವಾಗಿ ಅವಳ ದುಡಿಮೆಯಿಂದಲೇ. ಮನೆಗೆಲಸ, ಅಡುಗೆ ಕೆಲಸ ಮಾಡಿ ಕೂಡಿಟ್ಟು, ಸಾಕಷ್ಟು ಸೇರಿದ ಮೇಲೆ ಹೊರಡುತ್ತಿದ್ದಳು. ಜೊತೆಗೆ ಸ್ನೇಹಿತರ ಸಹಾಯ. ವಿಲ್ಮಿಂಗ್ಟನ್ ಊರಿನ ಕಬ್ಬಿಣದ ವ್ಯಾಪಾರಿ ಥಾಮಸ್ ಗ್ಯಾರೆಟ್ 1854ರ ಡಿಸೆಂಬರಿನ ಒಂದು ಪತ್ರದಲ್ಲಿ, ಹ್ಯಾರಿಯೆಟ್‌ಳದ್ದೂ ಜೊತೆಗಿದ್ದ ಒಬ್ಬ ಗಂಡಸಿನದ್ದೂ ಬೂಟು ಸವೆದು ಹೋಗಿತ್ತು, ಎರಡು ಡಾಲರ್ ಕೊಟ್ಟೆ ಅಂತ ಬರೆದಿದ್ದಾರೆ. ಇತಿಹಾಸ ಅನ್ನೋದು ಇಂಥ ಚಿಲ್ಲರೆ ಲೆಕ್ಕದಲ್ಲೂ ಇರುತ್ತೆ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಅಪ್ಪ

ಆ ಬೂಟು ಸವೆದ ಪ್ರಯಾಣದ ಕಥೆ ಕೇಳಿದರೆ ಯಾರಿಗಾದರೂ ಗಂಟಲು ಕಟ್ಟುತ್ತದೆ. 1854ರ ಕ್ರಿಸ್‌ಮಸ್. ಮೂವರು ಅಣ್ಣತಮ್ಮಂದಿರನ್ನು ಹಬ್ಬದ ಮರುದಿನವೇ ಮಾರುವ ಸುದ್ದಿ ಬಂದಿತ್ತು. ಹ್ಯಾರಿಯೆಟ್ ಯಾರ ಕೈಯಲ್ಲೋ ಪತ್ರ ಬರೆಸಿ, ಊರಿನಲ್ಲಿದ್ದ ಒಬ್ಬ ಅಕ್ಷರಸ್ಥ ಸ್ವತಂತ್ರ ಕಪ್ಪು ಮನುಷ್ಯನಿಗೆ ಕಳಿಸಿದಳು. ಹಡಗು ಬಂದಾಗ ಹತ್ತಲು ಸಿದ್ಧರಿರಿ ಅನ್ನೋ ಅರ್ಥದ ಒಗಟು ಮಾತು ಅದರಲ್ಲಿತ್ತು. ಪತ್ರವನ್ನು ಮೊದಲು ಓದಿದ ಬಿಳಿಯರಿಗೆ ತಲೆಬುಡ ತಿಳಿಯಲಿಲ್ಲ. ಆತನೂ ನನಗೇನೂ ಅರ್ಥವಾಗ್ತಿಲ್ಲ ಅಂತ ನಟಿಸಿ, ಅಣ್ಣತಮ್ಮಂದಿರಿಗೆ ವಿಷಯ ಮುಟ್ಟಿಸಿದ.

ಅಪ್ಪ ಅಮ್ಮನ ಗುಡಿಸಲಿನ ಹತ್ತಿರದ ಮೇವಿನ ಮನೆಯಲ್ಲಿ ಎಲ್ಲರೂ ಅಡಗಿದರು. ಅಪ್ಪ ಬೆನ್ ಊಟ ತಂದುಕೊಟ್ಟ, ಆದರೆ ಮಕ್ಕಳ ಮುಖ ನೋಡಲಿಲ್ಲ. ಅವರನ್ನು ಬೀಳ್ಕೊಡುವಾಗಲೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಸ್ವಲ್ಪ ದೂರ ನಡೆದ. ನಾಳೆ ಯಾರಾದರೂ ಕೇಳಿದರೆ ‘ನಾನು ನನ್ನ ಮಕ್ಕಳನ್ನು ನೋಡಿಲ್ಲ’ ಅಂತ ಸುಳ್ಳಾಡದೆ ಹೇಳಬೇಕಲ್ಲ! ಅಮ್ಮನಿಗೆ ಮಾತ್ರ ತಿಳಿಸಲೇ ಇಲ್ಲ. ತಿಳಿದರೆ ಅಳು ತಡೆಯಲಾರಳು ಅನ್ನೋ ಭಯ. ಹಬ್ಬದೂಟಕ್ಕೆ ಗಂಡುಮಕ್ಕಳು ಬರುತ್ತಾರೆ ಅಂತ ಆ ತಾಯಿ ಬಾಗಿಲಿಗೂ ಒಳಗೂ ಓಡಾಡುತ್ತಿದ್ದಳು. ಮಕ್ಕಳು ಕತ್ತಲಲ್ಲಿ ನಿಂತು ನೋಡಿಕೊಂಡು, ಸದ್ದಿಲ್ಲದೆ ಹೊರಟುಹೋದರು. ಮೂರು ವರ್ಷದ ನಂತರ, 1857ರಲ್ಲಿ, ಹ್ಯಾರಿಯೆಟ್ ಆ ತಂದೆ ತಾಯಿಯನ್ನೂ ಕರೆದುಕೊಂಡು ಹೋದಳು.

ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುವ ಅಪ್ಪನನ್ನು ಸಿನಿಮಾದಲ್ಲೂ ನೋಡಬಹುದು. ಇಡೀ ಚಿತ್ರದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಅದು.

ಯಾವುದು ನಿಜ, ಯಾವುದು ಸೇರಿಸಿದ್ದು

ಒಡೆಯನ ಮಗ ಗಿಡಿಯನ್ (ಜೋ ಆಲ್ವಿನ್), ಫಿಲಡೆಲ್ಫಿಯಾದ ಮೇರಿ (ಜಾನೆಲ್ ಮೊನೇ) ಕಲ್ಪನೆಯ ಪಾತ್ರಗಳು. ಕಪ್ಪು ಜನರನ್ನು ಹಿಡಿದುಕೊಡುವ ಕಪ್ಪು ಬೇಟೆಗಾರನ ಪಾತ್ರ ಸಾಕಷ್ಟು ಟೀಕೆಗೂ ಒಳಗಾಯಿತು. ಆದರೆ ವಿಲಿಯಂ ಸ್ಟಿಲ್ (ಲೆಸ್ಲಿ ಓಡಮ್ ಜೂನಿಯರ್) ನಿಜವಾದ ವ್ಯಕ್ತಿ. ಓಡಿಬಂದ ಪ್ರತಿಯೊಬ್ಬರ ಹೆಸರು, ಊರು, ತಂದೆತಾಯಿಯ ವಿವರ ಬರೆದಿಡುತ್ತಿದ್ದ. ಮುಂದೊಂದು ದಿನ ಚದುರಿದ ಕುಟುಂಬಗಳು ಒಂದಾಗಲಿ ಅನ್ನೋ ಆಸೆ. ಹೀಗೆ ವಿವರ ಕೇಳುತ್ತಿದ್ದಾಗ ಒಮ್ಮೆ ಎದುರಿಗೆ ಕೂತಿದ್ದವನು ತಾನು ಎಂದೂ ನೋಡಿರದ ಸ್ವಂತ ಅಣ್ಣ ಅಂತ ಗೊತ್ತಾಯಿತು!

ಹ್ಯಾರಿಯೆಟ್ 300 ಜನರನ್ನು ಬಿಡಿಸಿದಳು ಅಂತ ಹಳೇ ಪುಸ್ತಕಗಳು ಹೇಳುತ್ತವೆ. ದಾಖಲೆಗಳನ್ನು ಕೂಡಿಸಿ ನೋಡಿದ ಇತಿಹಾಸಕಾರರ ಲೆಕ್ಕ ಸುಮಾರು 70. ಸಂಖ್ಯೆ ಕಡಿಮೆಯಾದರೂ ಕೆಲಸ ಸಣ್ಣದಾಗಲಿಲ್ಲ. 1863ರ ಜೂನ್‌ನಲ್ಲಿ, ಅಂತರ್ಯುದ್ಧದ ಸಮಯದಲ್ಲಿ, ದಕ್ಷಿಣ ಕೆರೊಲಿನಾದ ಕಾಂಬಾಹಿ ನದಿಯಲ್ಲಿ ಉತ್ತರದ ಸೇನೆಗೆ ದಾರಿ ತೋರಿಸಿ, ಒಂದೇ ಕಾರ್ಯಾಚರಣೆಯಲ್ಲಿ 700ಕ್ಕೂ ಹೆಚ್ಚು ಜನರ ಬಿಡುಗಡೆಗೆ ಕಾರಣಳಾದಳು.

ಸಿನಿಮಾ ಮುಗಿದ ಮೇಲೆ

ಸಿನಿಮಾ ಗೆಲುವಿನೊಂದಿಗೆ ಮುಗಿಯುತ್ತದೆ. ಬದುಕು ಹಾಗೆ ಮುಗಿಯಲಿಲ್ಲ. 1865ರಲ್ಲಿ ಯುದ್ಧ ಮುಗಿಸಿ ರೈಲಿನಲ್ಲಿ ಮನೆಗೆ ಬರುವಾಗ, ಆಕೆಯ ಸೇನೆಯ ಪಾಸನ್ನು ಒಪ್ಪದೆ ಕಂಡಕ್ಟರ್ ಸೀಟಿನಿಂದ ಎಳೆದು ಹಾಕಿಸಿದ. ಕೈಗೆ ಬಲವಾದ ಪೆಟ್ಟಾಯಿತು. ಪಿಂಚಣಿಗಾಗಿ 30 ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. 1899ರಲ್ಲಿ ತಿಂಗಳಿಗೆ 20 ಡಾಲರ್ ಮಂಜೂರಾಯಿತು. ಅದರಲ್ಲೂ 8 ಡಾಲರ್ ಸೈನಿಕನಾಗಿದ್ದ ಎರಡನೇ ಗಂಡನ ವಿಧವೆ ಅನ್ನೋ ಲೆಕ್ಕಕ್ಕೆ. ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನಲ್ಲಿ ಅನಾಥರು, ವೃದ್ಧರಿಗೆ ಆಸರೆ ಕೊಡುತ್ತಲೇ ಇದ್ದಳು. 1913ರ ಮಾರ್ಚ್ 10ರಂದು ತೀರಿಕೊಂಡಳು. 2016ರಲ್ಲಿ ಅಮೆರಿಕದ ಖಜಾನೆ ಇಲಾಖೆ, 20 ಡಾಲರ್ ನೋಟಿನ ಮೇಲೆ ಆಕೆಯ ಮುಖ ಬರುತ್ತೆ ಅಂತ ಘೋಷಿಸಿತು. ಆಮೇಲೆ ಅದು ಮುಂದಕ್ಕೆ ಹೋಯಿತು.

ಸಿನಿಮಾ ನೋಡುವಾಗ ತಂಗಿ ರೇಚಲ್‌ಳ ದೃಶ್ಯವನ್ನು ಗಮನಿಸಿ. ಹ್ಯಾರಿಯೆಟ್ ಕರೆಯಲು ಬಂದರೂ, ಮಕ್ಕಳನ್ನು ಬಿಟ್ಟು ಬರಲ್ಲ ಅಂತ ಆಕೆ ಹೇಳುತ್ತಾಳೆ. ನಿಜದಲ್ಲೂ ಹ್ಯಾರಿಯೆಟ್ ವರ್ಷಗಟ್ಟಲೆ ಪ್ರಯತ್ನಪಟ್ಟಳು. 1860ರ ಕೊನೆಯಲ್ಲಿ ಮತ್ತೆ ಹೋದಾಗ ರೇಚಲ್ ತೀರಿಕೊಂಡಿದ್ದಳು. ಅವಳ ಇಬ್ಬರು ಮಕ್ಕಳನ್ನು ಬಿಡಿಸಲು 30 ಡಾಲರ್ ಲಂಚ ಬೇಕಿತ್ತು. ಹ್ಯಾರಿಯೆಟ್ ಹತ್ತಿರ ಅಷ್ಟು ದುಡ್ಡು ಇರಲಿಲ್ಲ. ಮಕ್ಕಳು ಅಲ್ಲೇ ಉಳಿದರು. ಆ ಸಲ ಬರಿಗೈಲಿ ಬರದೆ, ಕಾಯುತ್ತಿದ್ದ ಬೇರೊಂದು ಕುಟುಂಬವನ್ನು ಪುಟ್ಟ ಮಕ್ಕಳ ಸಮೇತ ಕರೆದುಕೊಂಡು ಉತ್ತರಕ್ಕೆ ನಡೆದಳು. ಅದೇ ಅವಳ ಕೊನೆಯ ಪ್ರಯಾಣ.