ಒಂದು ಐರಿಷ್ ರೀಲ್‌ನ ಜಾಡು: ‘ಬಾನಿ ಕೇಟ್’ ಧಾಟಿಯ ಪಾಠಾಂತರಗಳು

ಮೌಖಿಕ ಪರಂಪರೆಯ ಅಧ್ಯಯನದಲ್ಲಿ ‘ಮೂಲ ಯಾವುದು?’ ಎಂಬ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಹಸ್ತಪ್ರತಿಗಳನ್ನು ಹೋಲಿಸುವ ಗ್ರಂಥಸಂಪಾದಕನಿಗೆ ಕನಿಷ್ಠಪಕ್ಷ ಓಲೆಗರಿಯೋ ಕಾಗದವೋ ಕೈಯಲ್ಲಿರುತ್ತದೆ. ಕಿವಿಯಿಂದ ಕಿವಿಗೆ ಸಾಗಿಬಂದ ವಾದ್ಯಸಂಗೀತದ ಧಾಟಿಯೊಂದರ ಮೂಲವನ್ನು ಅರಸುವವನಿಗೆ ಅಷ್ಟು ಆಧಾರವೂ ಇರುವುದಿಲ್ಲ. ಆತ ಅಚ್ಚಾದ ಸ್ವರಲಿಪಿ ಸಂಕಲನಗಳನ್ನೂ ಧ್ವನಿಮುದ್ರಿಕೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ಈ ವಿಧಾನದ ಸಾಧ್ಯತೆಗಳನ್ನೂ ಮಿತಿಗಳನ್ನೂ ಅರಿಯಲು ‘ಬಾನಿ ಕೇಟ್’ ಎಂಬ ಐರಿಷ್ ರೀಲ್ ಉತ್ತಮ ನಿದರ್ಶನವಾಗಿದೆ.

ರೀಲ್ ಎಂಬುದು ಅಯರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ರೂಢಿಯಲ್ಲಿರುವ ಚುರುಕು ನಡೆಯ ನೃತ್ಯಪ್ರಕಾರ. ಆ ನೃತ್ಯಕ್ಕೆ ನುಡಿಸುವ ಧಾಟಿಗೂ ಅದೇ ಹೆಸರು. ಸಾಮಾನ್ಯವಾಗಿ ಇದಕ್ಕೆ ಎರಡು ಭಾಗಗಳಿದ್ದು, ಒಂದೊಂದು ಭಾಗದಲ್ಲಿ ಎಂಟು ಆವರ್ತಗಳಿರುತ್ತವೆ. ಎರಡೂ ಭಾಗಗಳನ್ನು ನೃತ್ಯ ಮುಗಿಯುವವರೆಗೆ ಮರಳಿ ಮರಳಿ ನುಡಿಸಲಾಗುತ್ತದೆ. ಪಿಟೀಲು, ಕೊಳಲು ಹಾಗೂ ತಿದಿಯ ವಾದ್ಯವಾದ ಪೈಪುಗಳು ಇದರ ಮುಖ್ಯ ವಾಹಕಗಳು. ರೀಲ್ ಪ್ರಕಾರವು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಕಾಟ್ಲೆಂಡಿನಿಂದ ಅಯರ್ಲೆಂಡಿಗೆ ಬಂದು ನೆಲೆಸಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಇಂಥ ಧಾಟಿಗಳನ್ನು ಹುಡುಕುವಲ್ಲಿ ಹೆಸರೇ ಮೊದಲ ತೊಡಕು. ಒಂದೇ ಧಾಟಿಗೆ ಊರೂರಿಗೆ ಬೇರೆ ಹೆಸರು. ಒಂದೇ ಹೆಸರಿಗೆ ಹಲವು ಧಾಟಿಗಳು. ಆದುದರಿಂದ ಶೀರ್ಷಿಕೆಗಳ ಅಕಾರಾದಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ‘ಕ್ಯೋಲ್ ರಿಂಕೆ ನ ಹೇರನ್’ ಎಂಬ ಸಂಕಲನಮಾಲೆಯ ಮೊದಲ ಸಂಪುಟವನ್ನು 1963ರಲ್ಲಿ ಹೊರತಂದ ಬ್ರೆಂಡಾನ್ ಬ್ರಾನಖ್ ಈ ತೊಡಕಿಗೆ ಪರಿಹಾರವೊಂದನ್ನು ರೂಪಿಸಿದರು. ಧಾಟಿಯ ಆರಂಭದಲ್ಲಿ ಒತ್ತು ಬೀಳುವ ಸ್ವರಗಳನ್ನು ಆಯ್ದು, ಸ್ವರಶ್ರೇಣಿಯಲ್ಲಿ ಅವುಗಳ ಸ್ಥಾನಕ್ಕೆ ತಕ್ಕಂತೆ ಅಂಕಿಗಳಾಗಿ ಬರೆದುಕೊಳ್ಳುವ ಕ್ರಮವದು. ಆಧಾರಸ್ವರಕ್ಕೆ ಒಂದು, ಅದರ ಮುಂದಿನದಕ್ಕೆ ಎರಡು ಎಂಬಂತೆ ಎಣಿಸಿದಾಗ, ಹೆಸರೂ ಶ್ರುತಿಯೂ ಬೇರೆಯಾದ ಧಾಟಿಗಳ ರಕ್ತಸಂಬಂಧ ಅಂಕಿಗಳ ಸಾಲಿನಲ್ಲಿ ಗೋಚರಿಸುತ್ತದೆ.

‘ಬಾನಿ ಕೇಟ್’ನ ಹಿಂದಿನ ಹೆಜ್ಜೆಗಳು ಅಯರ್ಲೆಂಡಿನ ಆಚೆಗೆ ಕರೆದೊಯ್ಯುತ್ತವೆ. ಸ್ಕಾಟ್ಲೆಂಡಿನ ಪರ್ತ್‌ಶೈರ್ ಸೀಮೆಯ ಪಿಟೀಲುವಾದಕ ಡ್ಯಾನಿಯಲ್ ಡೌ (1732–1783) ಸುಮಾರು 1776ರಲ್ಲಿ ಪ್ರಕಟಿಸಿದ ಮೂವತ್ತೇಳು ಹೊಸ ರೀಲ್‌ಗಳ ಸಂಕಲನದಲ್ಲಿ ‘ದಿ ಬಾನಿ ಲ್ಯಾಸ್ ಆಫ್ ಫಿಶರೋ’ ಎಂಬ ಧಾಟಿಯಿದೆ. ‘ಫಿಶರೋದ ಚೆಲುವೆ’ ಎಂದು ಇದರ ಅರ್ಥ. ಫಿಶರೋ ಎಂಬುದು ಎಡಿನ್‌ಬರೋ ಸಮೀಪದ ಮಸಲ್‌ಬರೋದ ಬೆಸ್ತರ ಬಂದರು. ‘ಬಾನಿ ಕೇಟ್’ ಈ ಧಾಟಿಯಿಂದಲೇ ಟಿಸಿಲೊಡೆದದ್ದೆಂದೂ ಡೌ ಅದರ ಕರ್ತೃವೆಂದೂ ಪರಿಗಣಿಸಲಾಗಿದೆ. ಆ ಕಾಲದ ಸಂಗೀತ ಪುಸ್ತಕಗಳಲ್ಲಿ ಪ್ರಕಟಣೆಯ ವರ್ಷವನ್ನು ಅಚ್ಚು ಹಾಕದಿರುವುದು ಸಾಮಾನ್ಯವಾಗಿತ್ತು. ಆದುದರಿಂದ ‘ಸುಮಾರು’ ಎಂಬ ಮಾತನ್ನು ಇಲ್ಲಿ ಬಿಡುವಂತಿಲ್ಲ.

ಧಾಟಿಯು ಕಡಲು ದಾಟಿದಾಗ ಫಿಶರೋ ಎಂಬ ಊರಿನ ಹೆಸರು ಕಳಚಿಬಿತ್ತು. ಅಯರ್ಲೆಂಡಿನ ಕೇಳುಗರಿಗೆ ಆ ಬಂದರಿನ ಪರಿಚಯವಿರಲಿಲ್ಲ; ಊರಿನ ಚೆಲುವೆ ಕೇಟ್ ಎಂಬ ಚೆಲುವೆಯಾದಳು. ಆದರೆ ‘ಬಾನಿ’ ಎಂಬ ವಿಶೇಷಣ ಉಳಿಯಿತು. ಅದು ಸ್ಕಾಟ್ ನುಡಿಯಲ್ಲಿ ಬೇರುಬಿಟ್ಟ ಪದ. ಕರ್ತೃವಿನ ಹೆಸರು ಮರೆತುಹೋದರೂ ತವರಿನ ಗುರುತೊಂದು ಶೀರ್ಷಿಕೆಯಲ್ಲಿಯೇ ಉಳಿದುಬಂದುದು ಗಮನಾರ್ಹ.

ಮುಂದಿನ ಘಟ್ಟ ಅಮೆರಿಕೆಯ ಷಿಕಾಗೋ ನಗರ. ಕಾರ್ಕ್ ಪ್ರಾಂತದಲ್ಲಿ 1848ರಲ್ಲಿ ಜನಿಸಿ, ವಲಸೆ ಹೋಗಿ, 1901ರಿಂದ 1905ರವರೆಗೆ ಆ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಒನೀಲ್, ಅಲ್ಲಿನ ವಲಸಿಗ ವಾದಕರಿಂದ ಧಾಟಿಗಳನ್ನು ಸಂಗ್ರಹಿಸಿದನು. ಜೇಮ್ಸ್ ಒನೀಲ್ ಎಂಬ ಸಹಕಾರಿ ಅವುಗಳನ್ನು ಸ್ವರಲಿಪಿಗೆ ಇಳಿಸಿದನು. 1903ರಲ್ಲಿ 1850 ಧಾಟಿಗಳ ‘ಮ್ಯೂಸಿಕ್ ಆಫ್ ಐರ್ಲೆಂಡ್’, 1907ರಲ್ಲಿ 1001 ಧಾಟಿಗಳ ನೃತ್ಯಸಂಗೀತ ಸಂಪುಟ ಪ್ರಕಟವಾದವು. ‘ಬಾನಿ ಕೇಟ್’ ಒನೀಲನ ಸಂಗ್ರಹದಲ್ಲಿ ಸೇರಿದುದು ಐರಿಷ್ ಧಾಟಿಯಾಗಿಯೇ. ಇದನ್ನು ಅಪಹರಣವೆನ್ನುವುದು ನ್ಯಾಯವಲ್ಲ. ಆತನಿಗೆ ಧಾಟಿಗಳನ್ನು ನುಡಿಸಿ ತೋರಿಸಿದ ವಲಸಿಗರಿಗೆ ಅವು ಬಾಲ್ಯದಿಂದ ಕೇಳಿಬಂದ ತಮ್ಮ ಊರಿನ ಧಾಟಿಗಳೇ ಆಗಿದ್ದವು.

ಧಾಟಿಯ ಚರಿತ್ರೆಯಲ್ಲಿ ನಿರ್ಣಾಯಕವಾದುದು 1934. ಸ್ಲೈಗೋ ಪ್ರಾಂತದ ಕಿಲ್ಲಾವಿಲ್‌ನಲ್ಲಿ 1891ರಲ್ಲಿ ಹುಟ್ಟಿ, 1914ರಲ್ಲಿ ಅಮೆರಿಕೆಗೆ ತೆರಳಿದ ಪಿಟೀಲುವಾದಕ ಮೈಕೆಲ್ ಕೋಲ್‌ಮನ್ ಆ ವರ್ಷ ‘ಬಾನಿ ಕೇಟ್’ ಮತ್ತು ‘ಜೆನ್ನೀಸ್ ಚಿಕನ್ಸ್’ ಎಂಬೆರಡು ರೀಲ್‌ಗಳನ್ನು ಒಂದರ ಬೆನ್ನಿಗೆ ಒಂದರಂತೆ ನುಡಿಸಿ ಧ್ವನಿಮುದ್ರಿಸಿದನು. ಎರಡನೆಯದು ಕೂಡ ‘ಸ್ಲೀಪಿ ಮ್ಯಾಗಿ’ ಎಂಬ ಸ್ಕಾಟಿಷ್ ಧಾಟಿಯ ಸಂತತಿ. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷಗಳ ಸಂಗೀತಕ್ಕಷ್ಟೇ ಅವಕಾಶವಿತ್ತು. ಆ ಇಕ್ಕಟ್ಟಿನಲ್ಲಿಯೇ ಕೋಲ್‌ಮನ್ ಪ್ರತಿ ಸುತ್ತಿನಲ್ಲಿಯೂ ಧಾಟಿಯನ್ನು ಹೊಸದಾಗಿ ತಿರುಗಿಸುತ್ತಾನೆ. ಸುರುಳಿಯಾಗಿ ಹೊರಳುವ ಅಲಂಕಾರಗಳು, ಕಮಾನಿನ ತ್ವರಿತ ತ್ರಿಸ್ವರಗಳು, ಸ್ವರಸಂಚಾರದ ಸೂಕ್ಷ್ಮ ವ್ಯತ್ಯಾಸಗಳು ಅಚ್ಚಿನ ಸಂಕಲನದಲ್ಲಿ ದೊರೆಯುವಂಥವಲ್ಲ. ಸ್ವರಲಿಪಿ ಧಾಟಿಯ ಎಲುಬುಗೂಡನ್ನು ನೀಡಿದರೆ, ಧ್ವನಿಮುದ್ರಿಕೆ ಅದರ ನಡಿಗೆಯನ್ನು ತೋರಿಸಿತು.

ಈ ಲಾಭದ ಜೊತೆಗೆ ನಷ್ಟವೂ ಇತ್ತು. ಅಮೆರಿಕೆಯಿಂದ ತವರಿಗೆ ಬಂದ ಕೋಲ್‌ಮನ್‌ನ ತಟ್ಟೆಗಳನ್ನು ಕೇಳಿ ಅಯರ್ಲೆಂಡಿನ ವಾದಕರು ಅವನ ಶೈಲಿಯನ್ನು ಅಭ್ಯಾಸ ಮಾಡಿದರು. ಸ್ಲೈಗೋ ಶೈಲಿ ಇತರ ಪ್ರಾಂತಗಳ ನುಡಿಸುವ ಬಗೆಗಳನ್ನು ಹಿಂದೆ ಸರಿಸಿತು. ಎರಡು ರೀಲ್‌ಗಳ ಜೋಡಣೆಯೂ ಸಂಪ್ರದಾಯವಾಗಿ ನಿಂತು, ಇಂದಿಗೂ ಅನೇಕರು ಅವನ್ನು ಅದೇ ಕ್ರಮದಲ್ಲಿ ನುಡಿಸುತ್ತಾರೆ. ಒಂದು ದಿನದ ನುಡಿಸುವಿಕೆ ಪ್ರಮಾಣಪಾಠದ ಪಟ್ಟವೇರಿತು. ಪ್ರತಿ ಸುತ್ತಿನಲ್ಲಿಯೂ ಬದಲಿಸಿ ನುಡಿಸಿದ ಕಲಾವಿದನ ಬದಲಾವಣೆಗಳನ್ನೇ ಬದಲಿಸದೆ ಕಂಠಪಾಠ ಮಾಡುವ ಸನ್ನಿವೇಶ ಒದಗಿದುದು ಈ ಚರಿತ್ರೆಯ ವೈರುಧ್ಯ.

ಈ ವಿವೇಚನೆಯಿಂದ ಸ್ಪಷ್ಟವಾಗುವ ಸಂಗತಿಗಳು ಮೂರು. ಮೊದಲನೆಯದಾಗಿ, ಮುದ್ರಣದ ವರ್ಷವು ಧಾಟಿ ಆ ವೇಳೆಗೆ ಇತ್ತೆಂಬುದನ್ನು ಮಾತ್ರ ಸಿದ್ಧಪಡಿಸುತ್ತದೆ. ಅದಕ್ಕೂ ಹಿಂದಿನ ಬಾಳನ್ನು ಅಲ್ಲಗಳೆಯುವುದಿಲ್ಲ. ಎರಡನೆಯದಾಗಿ, ಸಂಕಲನವೊಂದರ ಶೀರ್ಷಿಕೆ ಧಾಟಿಯ ಜನ್ಮಸ್ಥಳವನ್ನಲ್ಲ, ಅದು ದೊರೆತ ಸಮುದಾಯವನ್ನು ಸೂಚಿಸುತ್ತದೆ. ಮೂರನೆಯದಾಗಿ, ಧ್ವನಿಮುದ್ರಿಕೆ ಎಷ್ಟೇ ಶ್ರೇಷ್ಠವಾಗಿದ್ದರೂ ಅದು ಒಂದು ಪಾಠವೇ ಹೊರತು ಮೂಲವಲ್ಲ. ಡೌನ ಹೆಸರನ್ನು ಮರಳಿ ನೆನೆಯುವುದರಿಂದ ಅಯರ್ಲೆಂಡಿಗೆ ನಷ್ಟವೇನೂ ಇಲ್ಲ. ಹೆತ್ತವರೊಬ್ಬರು, ಸಾಕಿದವರು ಹಲವರು ಎಂಬುದನ್ನು ಒಪ್ಪಿಕೊಂಡಾಗ ಇಬ್ಬರ ಋಣವೂ ಸಂದಂತಾಗುತ್ತದೆ.