ತಲೆ ಹೊತ್ತ ಕತ್ತು

ಜಿರಾಫೆಯ ಆರಡಿ ಉದ್ದದ ಕೊರಳಿನಲ್ಲಿಯೂ, ಹೆಗ್ಗಣದ ಇದ್ದೂ ಇಲ್ಲದಂತಿರುವ ಕೊರಳಿನಲ್ಲಿಯೂ, ಎರಡು ಕಾಲ ಮೇಲೆ ನಿಂತು ತಲೆಯೆತ್ತಿ ನಡೆಯುವ ಮನುಷ್ಯನ ಕೊರಳಿನಲ್ಲಿಯೂ ಇರತಕ್ಕ ಎಲುಬಿನ ಮಣಿಗಳ ಸಂಖ್ಯೆ ಏಳೇ. ಮರಕ್ಕೆ ಜೋತುಬಿದ್ದು ಕಾಲ ಕಳೆಯುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯನ್ನೂ, ನೀರಿನೊಳಗೆ ಹುಲ್ಲು ಮೇಯುವ ಮ್ಯಾನಟಿಯನ್ನೂ ಬಿಟ್ಟರೆ ಸ್ತನಿಗಳ ಕುಲದಲ್ಲಿ ಈ ಕಟ್ಟಳೆಯನ್ನು ಮೀರಿದವರಿಲ್ಲವೆಂದೇ ಹೇಳಬಹುದು. ನಾಲ್ಕೂವರೆ ಐದು ಕಿಲೋಗ್ರಾಂ ತೂಗುವ ತಲೆಯನ್ನು ಹಗಲೆಲ್ಲ ಹೊತ್ತು, ಕಣ್ಣು ಕಿವಿಗಳು ಬಯಸಿದ ದಿಕ್ಕಿಗೆ ಅದನ್ನು ತಿರುಗಿಸಿಕೊಟ್ಟು, ಅದೇ ವೇಳೆಗೆ ಮಿದುಳಿನಿಂದ ಇಳಿದುಬರುವ ಬೆನ್ನುಹುರಿಯನ್ನು ತಮ್ಮ ನಡುವಣ ನಾಳದಲ್ಲಿ ಕಾಪಾಡಿಕೊಂಡು ಬರುವ ಹೊಣೆ ಈ ಏಳು ಸಣ್ಣ ಮಣಿಗಳ ಪಾಲಿಗೆ ಬಂದಿದೆ. ಅತಿಯಾದ ಚಲನೆಗೆ ತೆರಬೇಕಾದ ಸುಂಕವೋ ಎಂಬಂತೆ, ನಡುವಯಸ್ಸು ದಾಟಿದವರಲ್ಲಿ ಕತ್ತಿನ ಕೀಲುಗಳ ಸವೆತವು ಸರ್ವೇಸಾಮಾನ್ಯವಾಗಿ ಕಾಣಬರುತ್ತದೆ. ವೈದ್ಯರು ಇದನ್ನು ಸರ್ವೈಕಲ್ ಸ್ಪಾಂಡಿಲೋಸಿಸ್ ಎನ್ನುತ್ತಾರೆ. ಆದರೆ ಕತ್ತು ಹಿಡಿದುಕೊಂಡವರೆಲ್ಲ ತಮಗೆ ‘ಸ್ಪಾಂಡಿಲೈಟಿಸ್’ ಬಂದಿತೆಂದು ತಪ್ಪು ಹೆಸರಿನಿಂದ ಹೇಳಿಕೊಳ್ಳುತ್ತಾರೆ.

ಈ ಏಳರಲ್ಲಿ ಮೇಲಿನ ಎರಡು ಮಣಿಗಳ ರಚನೆ ವಿಲಕ್ಷಣವಾದುದು. ಮೊದಲನೆಯದಾದ ಅಟ್ಲಾಸಿಗೆ ಒಡಲೇ ಇಲ್ಲ. ಅದು ಉಂಗುರಾಕಾರದ ಎಲುಬು. ಎರಡನೆಯದಾದ ಆಕ್ಸಿಸಿನಿಂದ ಗಟ್ಟಿಯಾದೊಂದು ಗೂಟ ಮೇಲೆದ್ದು ಆ ಉಂಗುರದೊಳಗೆ ನಿಂತಿದೆ. ಬೀಸುವ ಕಲ್ಲಿನ ಮೇಲಿನ ಹೋಳು ಕೆಳಗಲ್ಲಿನ ಗೂಟವನ್ನು ಸುತ್ತುವಂತೆ ಅಟ್ಲಾಸು ತಲೆಬುರುಡೆಯನ್ನು ಹೊತ್ತುಕೊಂಡೇ ಈ ಗೂಟವನ್ನು ಸುತ್ತುತ್ತದೆ. ಒಲ್ಲೆನೆಂದು ನಾವು ತಲೆಯಾಡಿಸುವಾಗ ಕತ್ತು ತಿರುಗುವ ತಿರುವಿನಲ್ಲಿ ಸುಮಾರು ಅರ್ಧ ಇದೊಂದೇ ಕೀಲಿಗೆ ಸೇರಿದ್ದು. ಅಲ್ಲಿಂದ ಕೆಳಗೆ, ಮಣಿಗೂ ಮಣಿಗೂ ನಡುವೆ ಡಿಸ್ಕ್ ಎಂಬ ಬಿಲ್ಲೆಯುಂಟು: ಹೊರಗೆ ಸುತ್ತುಸುತ್ತಾಗಿ ಹೆಣೆದುಕೊಂಡ ನಾರಿನ ಕವಚ, ಒಳಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಲೋಳೆಯಂಥ ತಿರುಳು. ತಲೆ ಬಗ್ಗಿಸಿ ಹಿಂಗತ್ತನ್ನು ಬೆರಳಿನಿಂದ ಸವರಿಕೊಂಡು ಬಂದರೆ, ಅಂಗಿಯ ಕಾಲರು ತಾಗುವೆಡೆಯಲ್ಲಿ ಉಬ್ಬಿ ಕೈಗೆ ಸಿಗುವುದು ಸಾಮಾನ್ಯವಾಗಿ ಏಳನೆಯ ಮಣಿಯ ಮುಳ್ಳು. ಸವೆತ ಹೆಚ್ಚಾಗಿ ಮನೆಮಾಡುವುದು ಅದರ ನೆರೆಯಲ್ಲಿಯೇ, ಐದು ಆರನೆಯ ಮಣಿಗಳ ನಡುವೆಯೂ ಆರು ಏಳನೆಯವುಗಳ ನಡುವೆಯೂ.

ಬೆಳೆದ ಮನುಷ್ಯನ ಡಿಸ್ಕಿನ ಒಳಭಾಗದಲ್ಲಿ ರಕ್ತನಾಳಗಳಿಲ್ಲ. ಮೇಲುಕೆಳಗಿನ ಮಣಿಗಳಿಂದ ಜಿನುಗಿ ಬರುವ ರಸವೇ ಅದಕ್ಕೆ ಆಹಾರ. ಇಂಥ ಅಲ್ಪಾಹಾರದಲ್ಲಿ ಬದುಕುವ ವಸ್ತುವಿಗೆ ದುರಸ್ತಿಯ ಶಕ್ತಿಯೂ ಅಲ್ಪವೇ ಆಗಿರುತ್ತದೆ. ವರ್ಷಗಳುರುಳಿದಂತೆ ತಿರುಳು ನೀರನ್ನು ಕಳೆದುಕೊಂಡು ಬತ್ತುತ್ತದೆ, ಬಿಲ್ಲೆ ತಗ್ಗುತ್ತದೆ, ಮಣಿಗಳು ಒಂದಕ್ಕೊಂದು ಸಮೀಪಿಸುತ್ತವೆ. ಅಷ್ಟು ದಿನ ಬಿಲ್ಲೆ ಹೊರುತ್ತಿದ್ದ ಭಾರದ ಒಂದಂಶ ಹಿಂಬದಿಯ ಪುಟ್ಟ ಕೀಲುಗಳ ಮೇಲೆಯೂ, 1858ರಲ್ಲಿ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಲುಷ್ಕಾ ವರ್ಣಿಸಿದ, ಈಗಲೂ ಆತನ ಹೆಸರಿನಿಂದಲೇ ಕರೆಯಲ್ಪಡುವ ಪಕ್ಕದ ಕೀಲುಗಳ ಮೇಲೆಯೂ ಬೀಳುತ್ತದೆ. ಅಲ್ಲಿನ ಮೃದ್ವಸ್ಥಿ ಸವೆದು, ಅಂಚುಗಳಲ್ಲಿ ಹೊಸ ಎಲುಬು ಕೊಂಬಿನಂತೆ ಮೊಳೆಯುತ್ತದೆ. ಅಲುಗಾಡುವ ಕೀಲನ್ನು ಅಗಲ ಮಾಡಿ ಭದ್ರಪಡಿಸಲು ದೇಹವೇ ಹೂಡಿದ ಒಂದು ಒರಟು ಉಪಾಯವೆಂದು ಇದನ್ನು ತಿಳಿಯಬಹುದು. ಕೆಡುಕೇನೆಂದರೆ, ಆ ಎಲುಬು ಬೆಳೆಯುವ ಜಾಗದ ಮಗ್ಗುಲಲ್ಲಿಯೇ ತೋಳಿಗೆ ಹೋಗುವ ನರಗಳ ಕಿಂಡಿಗಳಿವೆ.

ಇಷ್ಟನ್ನು ಓದಿ ಹೆದರಬೇಕಾದುದಿಲ್ಲ. ಎಕ್ಸ್-ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲುಬು ಬೆಳೆದಿದೆಯಂತೆ, ಸಂದು ಕಿರಿದಾಗಿದೆಯಂತೆ ಎಂದು ಮನೆಮಂದಿಯೆಲ್ಲ ಮುಖ ಸಣ್ಣದು ಮಾಡಿಕೊಳ್ಳುವುದುಂಟು. ಆದರೆ ಚಿತ್ರಕ್ಕೂ ನೋವಿಗೂ ಇರುವ ಸಂಬಂಧ ನಾವು ಎಣಿಸುವಷ್ಟು ನಿಕಟವಾದುದಲ್ಲ. ಕತ್ತಿನ ಯಾವ ಬಾಧೆಯೂ ಇಲ್ಲದ 1211 ಮಂದಿಯನ್ನು ಜಪಾನಿನಲ್ಲಿ ಎಂ.ಆರ್.ಐ. ಮೂಲಕ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇಕಡಾ 87.6 ಮಂದಿಯ ಡಿಸ್ಕುಗಳು ಉಬ್ಬಿದ್ದುದು ಕಂಡುಬಂದಿತು. ಅವರಲ್ಲಿ ಇಪ್ಪತ್ತರ ಹರೆಯದವರೂ ಬಹುಸಂಖ್ಯೆಯಲ್ಲಿದ್ದರು. ಆದಕಾರಣ ವರದಿಯ ಕಾಗದದಲ್ಲಿ ಬರೆದುದಕ್ಕಿಂತ, ವೈದ್ಯರ ಕೈ ಮುಟ್ಟಿ ನೋಡಿ ಕಂಡುಕೊಂಡುದಕ್ಕೆ ಹೆಚ್ಚಿನ ಬೆಲೆ ಕೊಡತಕ್ಕದ್ದೆಂದು ನನ್ನ ಅಭಿಪ್ರಾಯ.

ಕಿಂಡಿಯಲ್ಲಿ ನರ ಒತ್ತಿಕೊಂಡಾಗ ನೋವು ಕತ್ತಿನಲ್ಲಿ ನಿಲ್ಲದೆ ಭುಜವನ್ನು ದಾಟಿ ಕೈಗಿಳಿಯುತ್ತದೆ. ಆರನೆಯ ನರವಾದರೆ ಹೆಬ್ಬೆರಳು, ಏಳನೆಯದಾದರೆ ನಡುಬೆರಳು, ಎಂಟನೆಯದಾದರೆ ಕಿರುಬೆರಳು ಜೋಮು ಹಿಡಿಯುತ್ತದೆ. (ಮಣಿಗಳು ಏಳಾದರೂ ಕತ್ತಿನ ನರಗಳು ಎಂಟು ಜೊತೆ.) ಇಂಥ ರೋಗಿಗಳಲ್ಲಿ ಕೆಲವರು ಯಾರೂ ಹೇಳಿಕೊಡದೆಯೇ ನೋಯುವ ಕೈಯನ್ನೆತ್ತಿ ನೆತ್ತಿಯ ಮೇಲಿಟ್ಟುಕೊಂಡು ಕುಳಿತಿರುತ್ತಾರೆ. ತಲೆಯ ಮೇಲೆ ಕೈ ಹೊತ್ತು ಕೂರುವುದು ಅಪಶಕುನವೆಂದು ಹಿರಿಯರು ಗದರಿದರೂ ಆ ಭಂಗಿಯಲ್ಲಿ ನರದ ಮೇಲಿನ ಸೆಳೆತ ತಗ್ಗಿ ನೋವು ನಿಜವಾಗಿಯೂ ಇಳಿಯುತ್ತದೆ. ವೈದ್ಯರಿಗೆ ಅದೊಂದು ರೋಗಲಕ್ಷಣವೂ ಹೌದು. ರಾತ್ರಿಯ ನಿದ್ದೆಗೆಡಿಸುವಷ್ಟು ತೀವ್ರವಾದರೂ ಈ ನೋವು ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಶಸ್ತ್ರದ ಗೊಡವೆಯಿಲ್ಲದೆ ಶಮನವಾಗುತ್ತದೆ.

ಭಯಪಡಬೇಕಾದುದು ಬೇರೆ ಇದೆ; ಅದು ನೋಯದೆಯೂ ಬರಬಹುದು. ಸವೆತದಿಂದ ಬೆನ್ನುಹುರಿಯೇ ಅಮುಕಲ್ಪಡುವ ಈ ಸ್ಥಿತಿಯನ್ನು ಇಂಗ್ಲೆಂಡಿನ ನರವೈದ್ಯ ರಸೆಲ್ ಬ್ರೇನ್ ತನ್ನ ಸಹೋದ್ಯೋಗಿಗಳೊಡನೆ 1952ರಲ್ಲಿ ವಿವರವಾಗಿ ನಿರೂಪಿಸಿದನು. ಅಂಗಿಯ ಗುಂಡಿ ಹಾಕಲು ತಡವಾಗುತ್ತದೆ, ಅನ್ನ ಕಲಸಿ ತುತ್ತು ಕಟ್ಟುವ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ, ಅಕ್ಷರ ಕೆಡುತ್ತದೆ, ಕಾಲುಗಳು ಬಿಗಿದು, ನಡೆಯುವಾಗ ಗೋಡೆ ಹಿಡಿಯಬೇಕೆನಿಸುತ್ತದೆ, ತಲೆ ಬಗ್ಗಿಸಿದೊಡನೆ ಬೆನ್ನಿನಲ್ಲಿ ವಿದ್ಯುತ್ತು ಹರಿದಂತಾಗುತ್ತದೆ, ಮೂತ್ರ ತಡೆಯುವುದು ಕಷ್ಟವಾಗುತ್ತದೆ. ಇವನ್ನೆಲ್ಲ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕತ್ತಿನ ನೋವಿನೊಡನೆ ಜ್ವರ, ಮೈ ಇಳಿಯುವುದು, ರಾತ್ರಿಯೂ ಬಿಡದ ಯಾತನೆ ಇದ್ದರೆ ಕ್ಷಯವೇ ಮೊದಲಾದ ಕಾರಣಗಳನ್ನು ಹುಡುಕಬೇಕು. ಕೈಬೆರಳಿನ ಸಂದುಗಳು ಊದುವ ರುಮಟಾಯ್ಡ್ ಸಂಧಿವಾತವಾದರೋ ಮೇಲೆ ಹೇಳಿದ ಗೂಟದ ಕೀಲನ್ನೇ ಸಡಿಲಿಸಬಲ್ಲುದು. ಆ ರೋಗವುಳ್ಳವರು ಯಾವ ಶಸ್ತ್ರಚಿಕಿತ್ಸೆಗೆ ಹೋದರೂ ಅರಿವಳಿಕೆ ಕೊಡುವ ವೈದ್ಯರಿಗೆ ಇದನ್ನು ಮುಂಚಿತವಾಗಿ ತಿಳಿಸಬೇಕು.

ಸಾಧಾರಣ ಸವೆತಕ್ಕೆ ಮದ್ದು ಚಲನೆಯೇ. ನೋವಿಗೆ ಅಂಜಿ ಕತ್ತನ್ನು ಮರದ ಬೊಂಬೆಯದರಂತೆ ಬಿಗಿಹಿಡಿದರೆ ಸ್ನಾಯುಗಳು ಸೊರಗುತ್ತವೆ, ಬಿಗಿತ ಇಮ್ಮಡಿಸುತ್ತದೆ. ಆದುದರಿಂದಲೇ ಕತ್ತಿಗೆ ಹಾಕುವ ಪಟ್ಟಿಯನ್ನು ನೋವು ಉಲ್ಬಣಿಸಿದ ಕೆಲವು ದಿನಗಳಿಗೆ ಮಾತ್ರ ಬಳಸಿ ಬಿಡುವುದು ಮೇಲು. ಬಿಸಿನೀರಿನ ಶಾಖ ಕೊಟ್ಟು, ಮೆಲ್ಲಗೆ ಎಡಬಲಕ್ಕೆ ತಿರುಗಿಸುವುದು, ಅಂಗೈಯನ್ನು ಹಣೆಗೂ ಕಪೋಲಕ್ಕೂ ಹಿಂದಲೆಗೂ ಒಡ್ಡಿ ತಲೆಯನ್ನು ಅಲುಗಿಸದೆ ಅದರ ವಿರುದ್ಧ ಒತ್ತುವುದು, ಇವು ಫಿಸಿಯೊಥೆರಪಿಯವರು ಕಲಿಸುವ ಮೊದಲ ಪಾಠಗಳು. ದಿಂಬು ತೀರ ಎತ್ತರವೂ ಬೇಡ, ದಿಂಬನ್ನೇ ತ್ಯಜಿಸುವ ವೈರಾಗ್ಯವೂ ಬೇಡ. ಮಗ್ಗುಲಾಗಿ ಮಲಗಿದಾಗ ಭುಜಕ್ಕೂ ಕಿವಿಗೂ ನಡುವಿನ ತೆರವನ್ನು ಅದು ತುಂಬಿದರೆ ಸಾಕು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವವರ ಜಠರವೂ ಮೂತ್ರಪಿಂಡವೂ ಕಾಲಾನಂತರದಲ್ಲಿ ಲೆಕ್ಕ ಕೇಳುತ್ತವೆ. ತಲೆಯನ್ನು ಅರವತ್ತು ಡಿಗ್ರಿ ಮುಂದಕ್ಕೆ ಬಗ್ಗಿಸಿದಾಗ ಕತ್ತಿನ ಮೇಲೆ ಸುಮಾರು 27 ಕಿಲೋಗ್ರಾಂ ಭಾರ ಬೀಳುತ್ತದೆಂದು 2014ರಲ್ಲಿ ಹನ್ಸ್‌ರಾಜ್ ಎಂಬ ಅಮೆರಿಕದ ಶಸ್ತ್ರವೈದ್ಯ ಲೆಕ್ಕ ಹಾಕಿದ್ದು ಬಹಳ ಪ್ರಚಾರ ಪಡೆಯಿತು. ಅದು ಕಂಪ್ಯೂಟರಿನ ಗಣಿತವೇ ಹೊರತು ಜೀವಂತ ಕತ್ತಿನ ಅಳತೆಯಲ್ಲ. ಆದರೂ ಮೊಬೈಲಿಗೆ ಗಂಟೆಗಟ್ಟಲೆ ತಲೆಬಾಗಿದವರು ನಡುನಡುವೆ ಎದ್ದು ಆಕಾಶ ನೋಡಿದರೆ ನಷ್ಟವಿಲ್ಲ.

ಕ್ಷೌರ ಮುಗಿದ ಮೇಲೆ ತಲೆಯನ್ನು ಎರಡು ಕೈಯಿಂದ ಹಿಡಿದು ಲಟಕ್ಕೆಂದು ತಿರುವುವ ಸೇವೆಯನ್ನು ಮಾತ್ರ ವಿನಯದಿಂದ ನಿರಾಕರಿಸತಕ್ಕದ್ದು. ಮೇಲಿನ ಆರು ಮಣಿಗಳ ಪಕ್ಕದ ರಂಧ್ರಗಳೊಳಗೆ ಹಾದು ಮಿದುಳಿಗೆ ಏರುವ ಧಮನಿಯೊಂದು ಎಡಬಲಗಳೆರಡರಲ್ಲಿಯೂ ಉಂಟು. ಅಪರೂಪಕ್ಕಾದರೂ ಹಠಾತ್ತಾದ ತಿರುವಿಗೆ ಅದರ ಒಳಪದರ ಹರಿದು ಲಕ್ವ ಹೊಡೆದ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿವೆ.

ಶಸ್ತ್ರಚಿಕಿತ್ಸೆ ಬೇಕಾಗುವವರು ಸ್ವಲ್ಪ ಮಂದಿ: ಬೆನ್ನುಹುರಿಗೆ ಒತ್ತಡ ಬಿದ್ದು ನಡಿಗೆ ಕೆಡುತ್ತಿರುವವರು, ಕೈಯ ಬಲ ಕುಂದುತ್ತಿರುವವರು, ತಿಂಗಳುಗಳ ಉಪಚಾರಕ್ಕೂ ಬಗ್ಗದ ನರದ ನೋವಿನವರು. ಕೊರಳಿನ ಮುಂಬದಿಯಿಂದ ಹೋಗಿ ಡಿಸ್ಕನ್ನು ತೆಗೆದು ಎರಡು ಮಣಿಗಳನ್ನು ಬೆಸೆಯುವ ಕ್ರಮವನ್ನು 1950ರ ದಶಕದಲ್ಲಿ ಅಮೆರಿಕದ ಸ್ಮಿತ್ ಮತ್ತು ರಾಬಿನ್ಸನ್ ಎಂಬವರೂ, ಬೇರೆಯಾಗಿ ಕ್ಲೋವರ್ಡ್ ಎಂಬವನೂ ರೂಢಿಗೆ ತಂದರು. ಬೆಸೆದ ಕೀಲು ತಿರುಗದೆ ನೆರೆಯ ಕೀಲುಗಳು ಹೆಚ್ಚು ದುಡಿಯಬೇಕಾಗುವುದನ್ನು ಕಂಡು, ಈಚೆಗೆ ಆಯ್ದ ಕೆಲವರಿಗೆ ಕೃತಕ ಡಿಸ್ಕನ್ನು ಕೂರಿಸುವುದೂ ಉಂಟು. ಇವೆಲ್ಲದರ ಮುಖ್ಯ ಗುರಿ ರೋಗ ಮುಂದುವರಿಯದಂತೆ ತಡೆಯುವುದು; ಬಹುಕಾಲ ಅಮುಕಿಸಿಕೊಂಡ ಹುರಿ ಕಳೆದುಕೊಂಡ ಶಕ್ತಿಯನ್ನು ಶಸ್ತ್ರವೈದ್ಯರು ಪೂರ್ತಿಯಾಗಿ ಮರಳಿಸಿಕೊಡಲಾರರು, ಆದ್ದರಿಂದ ಗುಂಡಿ ಹಾಕಲು ಕೈ ತಡವರಿಸಲಾರಂಭಿಸಿದ ತಿಂಗಳಲ್ಲಿಯೇ ಅವರಲ್ಲಿಗೆ ಹೋಗಬೇಕು.