ಗುಡ್ಡದ ಮೇಲಿನ ಆಂಟೆನಾಕ್ಕೆ ಮನೆಯಿಂದ ಅಪ್ಪಣೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಗಳು ಹೆಚ್ಚಾಗಿ ಗುಡ್ಡದ ಬುಡದಲ್ಲಿ, ತೋಟದ ಮಗ್ಗುಲಲ್ಲಿ. ಅಡಿಕೆಗೆ ನೀರು ಬೇಕು, ನೀರಿರುವುದು ತಗ್ಗಿನಲ್ಲಿ. ರೇಡಿಯೋ ಅಲೆಗಾದರೋ ಎತ್ತರ ಬೇಕು. ದೂರದರ್ಶನ ಬಂದ ಕಾಲದಲ್ಲಿ ಮಲೆನಾಡಿನ ಎಷ್ಟೋ ಮಂದಿ ಟಿ.ವಿ. ಆಂಟೆನಾವನ್ನು ಮನೆ ಹಿಂದಿನ ಗುಡ್ಡಕ್ಕೆ ಹತ್ತಿಸಿದ್ದು ಇದೇ ಕಾರಣಕ್ಕೆ.

ಆಂಟೆನಾದ ಕಂಬಕ್ಕೆ ಬಿಗಿದ ಬೂಸ್ಟರಿಗೆ ವಿದ್ಯುತ್ತು ಎಲ್ಲಿಂದ? ಚಿತ್ರ ಇಳಿದುಬರುವ ಕೇಬಲ್ಲಿನಲ್ಲೇ ಮನೆಯಿಂದ ಅದು ಮೇಲಕ್ಕೆ ಹೋಗುತ್ತಿತ್ತು. ಹ್ಯಾಮ್ ರೇಡಿಯೋ ಹವ್ಯಾಸಿಗಳು ದೂರದ ಆಂಟೆನಾವನ್ನು ಕುಳಿತಲ್ಲಿಂದಲೇ ಬದಲಿಸುವ ಉಪಾಯದ ತಿರುಳೂ ಇದೇ.

ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಿ, ಪರವಾನಗಿ ಪಡೆದವರು ಹ್ಯಾಮ್‌ಗಳು. ಅವರಿಗೆ ಒಂದೇ ಆಂಟೆನಾ ಸಾಲದು. 7 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ತಂತಿ ಬೇಕಾದರೆ 14 ಮೆಗಾಹರ್ಟ್ಸ್‌ಗೆ 10 ಮೀಟರ್ ಸಾಕು. ಪ್ರತಿಯೊಂದಕ್ಕೂ ಗುಡ್ಡದಿಂದ ಬೇರೆ ಬೇರೆ ಕೇಬಲ್ ಎಳೆಯುವುದು ದುಬಾರಿ. ಆದ್ದರಿಂದ ಕೇಬಲ್ ಒಂದೇ. ತುದಿಯಲ್ಲೊಂದು ರಿಲೇ ಪೆಟ್ಟಿಗೆ. ರಿಲೇ ಎಂದರೆ ವಿದ್ಯುತ್ತು ಹರಿದಾಗ ಅಯಸ್ಕಾಂತವಾಗಿ ಸ್ವಿಚ್ಚನ್ನು ಸೆಳೆಯುವ ಸುರುಳಿ. ಮನೆಯಿಂದ 12 ವೋಲ್ಟ್ ಕಳಿಸಿದರೆ ಒಂದು ಆಂಟೆನಾ, ನಿಲ್ಲಿಸಿದರೆ ಇನ್ನೊಂದು. ಈ ವಿದ್ಯುತ್ತು ರೇಡಿಯೋದೊಳಗೆ ನುಗ್ಗದಂತೆ ಕೆಪಾಸಿಟರ್ ತಡೆಯುತ್ತದೆ. ರೇಡಿಯೋ ಅಲೆ ವಿದ್ಯುತ್ ಪೂರೈಕೆಯತ್ತ ಹೋಗದಂತೆ ಚೋಕ್ ತಡೆಯುತ್ತದೆ.

ಕೇಬಲ್ ಎಳೆಯಲಾಗದಷ್ಟು ದೂರವಾದರೆ ಸ್ವರಗಳ ಅಪ್ಪಣೆ. ಫೋನಿನಲ್ಲಿ 5 ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಆ ತುದಿಯ ಚಿಪ್ ಜೋಡಿಯನ್ನು ಗುರುತಿಸಿ ರಿಲೇಯನ್ನು ಎಬ್ಬಿಸುತ್ತದೆ. ಮೊಬೈಲಿನಿಂದ ತೋಟದ ಪಂಪ್‌ಸೆಟ್ ಚಾಲೂ ಮಾಡುವ ಸ್ಟಾರ್ಟರುಗಳಲ್ಲೂ ಈ ತಂತ್ರ ಬಳಕೆಗೆ ಬಂದಿದೆ.

ಇಷ್ಟೆಲ್ಲ ಯಾಕೆ ಎನ್ನುವವರು 2021ರ ಜುಲೈಯನ್ನು ನೆನೆಯಬೇಕು. ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಅಂದು ಗುಡ್ಡ ಕುಸಿದು ರಸ್ತೆಗಳೇ ಹೋದವು. ತಂತಿ, ಟವರು ಎರಡೂ ಕೈಕೊಟ್ಟ ಹೊತ್ತಿನಲ್ಲಿ, ಬ್ಯಾಟರಿಯೊಂದಿದ್ದರೆ ಮಾತಾಡಬಲ್ಲದ್ದು ಹ್ಯಾಮ್ ರೇಡಿಯೋ.

ಆದರೆ ಎಚ್ಚರ ಬೇಕಾದದ್ದು ಸಿಡಿಲಿಗೆ. ಸ್ವಿಚ್ ಆರಿಸಿದೆ, ಇನ್ನೇನು ಭಯ ಎಂದುಕೊಂಡರೆ ಕೆಟ್ಟೆವು. ರಿಲೇಯೊಳಗಿನ ಬಿರುಕು ಒಂದೆರಡು ಮಿಲಿಮೀಟರ್. ಗಾಳಿ ತಡೆಯಬಲ್ಲದ್ದು ಮಿಲಿಮೀಟರಿಗೆ ಸುಮಾರು 3,000 ವೋಲ್ಟ್. ಮುಗಿಲಿನಿಂದ ನೆಲಕ್ಕೆ ಹಾರಿಬರುವ ಸಿಡಿಲಿಗೆ ಇದು ತಡೆಯೇ ಅಲ್ಲ.

ಹಾಗಾಗಿ ಎರಡು ನಿಯಮ. ವಿದ್ಯುತ್ತು ಇಲ್ಲದಾಗ ರಿಲೇ ತಾನಾಗಿ ಆಂಟೆನಾವನ್ನು ನೆಲದ ತಂತಿಗೆ ಸೇರಿಸುವಂತಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಮೊದಲು ಹೋಗುವುದೇ ಕರೆಂಟು. ಎರಡನೆಯದು, ಮೋಡ ಕಟ್ಟುವಾಗಲೇ ಕೇಬಲ್ಲನ್ನು ಕೈಯಾರೆ ಕಳಚಿ ಮನೆಯ ಹೊರಗಿಡಬೇಕು. ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಲೂ ಬಾರದು. ಗುಡ್ಡ ಹತ್ತುವ ಶ್ರಮವನ್ನು ಯಂತ್ರ ಉಳಿಸಬಲ್ಲದು. ಈ ಕೆಲಸ ಮಾತ್ರ ನಮ್ಮದೇ.